ವಿದ್ಯಾರ್ಥಿಯ ಕಥೆಗೆ ಬೆಲೆ ಕಟ್ಟುವ ಬಗೆ

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ಪುಟದ ಒಂದು ಕಥೆ ಬರೆದಿದ್ದಾಳೆ. ಅದಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡಬಹುದು? ಅವಳು ಮಾಡಿದ್ದು ಲೆಕ್ಕವಾಗಿದ್ದರೆ ಊರಿನ ಹತ್ತು ಮಂದಿ ಉಪಾಧ್ಯಾಯರು ಒಂದೇ ಉತ್ತರ ಹೇಳುತ್ತಿದ್ದರು. ಕಥೆಯ ಮಾತು ಬೇರೆ. ಒಬ್ಬರು ಎಂಟು ಎನ್ನುತ್ತಾರೆ, ಮತ್ತೊಬ್ಬರು ನಾಲ್ಕು ಎನ್ನುತ್ತಾರೆ, ಇಬ್ಬರೂ ಪ್ರಾಮಾಣಿಕರೇ. ಬೀದರ, ಭಾಲ್ಕಿ, ಔರಾದಗಳ ಸೀಮೆಗೆ ಹೋದರೆ ಈ ತೊಡಕಿಗೆ ಇನ್ನೊಂದು ಗಂಟು ಬೀಳುತ್ತದೆ. ಅಲ್ಲಿನ ಮಗುವಿಗೆ ಮನೆಯ ಮಾತು ಒಂದು, ಸಂತೆಯ ಮಾತು ಒಂದು, ಪಠ್ಯಪುಸ್ತಕದ ಮಾತು ಮತ್ತೊಂದು. ಬರೆದದ್ದನ್ನು ಅಳೆಯುವ ಕೋಲು ಯಾವುದು, ಅದು ಯಾರ ಕೈಯಲ್ಲಿದೆ ಎಂಬುದು ಆ ಸೀಮೆಗೆ ಬಹು ಹಳೆಯ ಪ್ರಶ್ನೆ. ಆ ಹಳೆಯ ಕಥೆಯನ್ನು ಸ್ವಲ್ಪ ತಿಳಿದುಕೊಂಡರೆ ಇಂದಿನ ವಿದ್ಯಾರ್ಥಿಯ ಕಥೆಗೆ ನ್ಯಾಯ ಸಲ್ಲಿಸುವುದು ಸುಲಭವಾದೀತು.

ಬರವಣಿಗೆಯ ಗುಣದೋಷಗಳನ್ನು ಕನ್ನಡದಲ್ಲಿ ವಿಚಾರಿಸಿದ, ನಮಗೆ ದೊರೆತಿರುವ ಮೊದಲನೆಯ ಗ್ರಂಥ ‘ಕವಿರಾಜಮಾರ್ಗ’. ಸುಮಾರು 850ರಲ್ಲಿ, ರಾಷ್ಟ್ರಕೂಟ ಅರಸು ನೃಪತುಂಗನ ಆಸ್ಥಾನದಲ್ಲಿ ಅದು ಹುಟ್ಟಿತು. ಆತನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಬೀದರಕ್ಕೆ ನೆರೆಯ ನೆಲವೇ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳುವ ಗ್ರಂಥ ಅದೇ. ಬೀದರ ಜಿಲ್ಲೆಯಲ್ಲಿ ಹರಿಯುವ ಮಾಂಜರಾ ನದಿ ಗೋದಾವರಿಯನ್ನೇ ಸೇರುತ್ತದೆಂಬುದನ್ನು ನೆನೆದರೆ, ಆ ಉತ್ತರದ ಗಡಿಯ ಮಾತು ನಮ್ಮ ಈ ಮೂರು ಊರುಗಳ ಮಾತೇ ಎಂದು ಹೊಳೆಯುತ್ತದೆ.

ಈ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಮೂರು ಸಂಗತಿಗಳುಂಟು. ಮೊದಲನೆಯದು, ಬರವಣಿಗೆಯಲ್ಲಿ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂದು ಬಿಡಿಸಿ ನೋಡಬೇಕೆಂಬ ಶಿಸ್ತು. ಎರಡನೆಯದು, ತಿರುಳ್ಗನ್ನಡದ ಎಲ್ಲೆ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಹೆಸರಿಸುವುದು. ಆ ನಾಲ್ಕರೊಳಗೆ ಗಡಿಯ ಊರು ಒಂದೂ ಇಲ್ಲ. ನಡುನಾಡಿನ ಕನ್ನಡ ಮಾದರಿ, ಅಂಚಿನ ಕನ್ನಡ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಎಣಿಕೆಗೆ ಅಷ್ಟು ಹಳೆಯ ಬೇರಿದೆ. ಮೂರನೆಯದು ಇದಕ್ಕೆ ಮದ್ದಿನಂತಿದೆ. ಕನ್ನಡಗಳು ನಾಡುನಾಡಿಗೆ ಬೇರೆಬೇರೆ; ಸಾವಿರ ಹೆಡೆಯ ವಾಸುಕಿ ಕೂತರೂ ಅವುಗಳ ದೋಷಗಳನ್ನು ಎಣಿಸಿ ಮುಗಿಸಲಾರದೆ ಬೇಸರಪಟ್ಟಾನು ಎಂದು ಗ್ರಂಥಕಾರನೇ ಹೇಳಿಬಿಡುತ್ತಾನೆ. ಓದು ಬರಹ ಕಲಿಯದ ಜನರೂ ಕಾವ್ಯದಲ್ಲಿ ನುರಿತವರು ಎಂದು ಮೆಚ್ಚಿದವನೂ ಅವನೇ. ಕೆಂಪು ಮಸಿ ಹಿಡಿಯುವ ನಮ್ಮ ಪರೀಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕಥೆ ಹೇಳುವ ವಿದ್ಯೆಯೂ ಆ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ದುರ್ಗಸಿಂಹ 11ನೆಯ ಶತಮಾನದಲ್ಲಿ ಕನ್ನಡದ ‘ಪಂಚತಂತ್ರ’ ಬರೆದನು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಬೀದರ ಜಿಲ್ಲೆಯ ಊರು. ಮುಂದೆ ಬಹಮನಿ ಸುಲ್ತಾನರು ಬೀದರವನ್ನು ರಾಜಧಾನಿ ಮಾಡಿಕೊಂಡರು. ಅವರ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳನ್ನು ನೀವು ನೋಡಿರಬಹುದು. ಅದೇ ಗಾವಾನ್ ಪಾರ್ಸಿಯಲ್ಲಿ ‘ಮನಾಜಿರ್-ಉಲ್-ಇನ್ಶಾ’ ಎಂಬ ಪುಸ್ತಕ ಬರೆದಿದ್ದಾನೆಂಬುದು ಅನೇಕರಿಗೆ ತಿಳಿಯದು. ಪತ್ರ ಮತ್ತು ಗದ್ಯವನ್ನು ಚೆನ್ನಾಗಿ ಬರೆಯುವುದು ಹೇಗೆ ಎಂಬುದೇ ಅದರ ವಿಷಯ. ಬಹಮನಿಗಳ ಕಾಲದಲ್ಲಿಯೇ, 15ನೆಯ ಶತಮಾನದ ಮೊದಲ ಅರ್ಧದಲ್ಲಿ, ನಿಜಾಮಿ ಎಂಬ ಕವಿ ‘ಕದಮರಾವ್ ಪದಮರಾವ್’ ಎಂಬ ಕಥನ ಕಾವ್ಯವನ್ನು ದಖನಿಯಲ್ಲಿ ರಚಿಸಿದನು. ದಖನಿಯೆಂದರೆ ಪಂಡಿತರ ಪಾರ್ಸಿಯಲ್ಲ. ದಂಡು, ಪೇಟೆ, ಬೀದಿಗಳಲ್ಲಿ ನಾಲ್ಕು ಭಾಷೆ ಬೆರೆತು ಬೆಳೆದ ಮಾತು. ಇಂದು ವಿದ್ವಾಂಸರು ಉರ್ದು ಸಾಹಿತ್ಯದ ಚರಿತ್ರೆಯನ್ನು ಹೇಳುವಾಗ ಆ ಬೆರಕೆಯ ಮಾತಿನ ಕಾವ್ಯವನ್ನೇ ಮೊದಲ ಸಾಲಿನಲ್ಲಿ ಇಡುತ್ತಾರೆ. ಬೆರಕೆಯೆಂದು ಒಂದು ಕಾಲ ಹಳಿದದ್ದನ್ನು ಇನ್ನೊಂದು ಕಾಲ ಮೂಲವೆಂದು ಪೂಜಿಸುವುದುಂಟು.

ಇನ್ನು 20ನೆಯ ಶತಮಾನಕ್ಕೆ ಬರೋಣ. ಕನ್ನಡದ ಸಣ್ಣ ಕಥೆ ಹುಟ್ಟಿ ಬೆಳೆದದ್ದು ಇದೇ ಶತಮಾನದ ಮೊದಲ ದಶಕಗಳಲ್ಲಿ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಮುನ್ನಡೆದರು. ಮೈಸೂರಿನ ಕಡೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಪ್ರಕಟಿಸಿದರು. ಧಾರವಾಡದಲ್ಲಿ ಪತ್ರಿಕೆಗಳು, ಗೆಳೆಯರ ಕೂಟಗಳು ಎದ್ದವು. ಆಗ ಬೀದರದ ಕನ್ನಡ ಮಗು ಎಲ್ಲಿತ್ತು? ಅದು ನಿಜಾಮರ ಹೈದರಾಬಾದ ಸಂಸ್ಥಾನದ ಪ್ರಜೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ, ಕಚೇರಿ ಉರ್ದುವಿನಲ್ಲಿ, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. ಉರ್ದು ಸಮೃದ್ಧವಾದ ಭಾಷೆ, ಕಥೆಗಳ ಭಾಷೆ. ಪ್ರೇಮಚಂದರು ಕಥೆ ಬರೆಯಲು ಮೊದಲಿಟ್ಟದ್ದು ಅದರಲ್ಲಿಯೇ. ತಪ್ಪು ಆ ಭಾಷೆಯದಲ್ಲ. ಆದರೆ ಮನೆಯಲ್ಲಿ ಅಜ್ಜಿ ಹೇಳಿದ ಕಥೆಯನ್ನು ಅದೇ ಮಾತಿನಲ್ಲಿ ಬರೆದು ಒಪ್ಪಿಸಲು ಕನ್ನಡ ಮಗುವಿಗೆ ಒಂದು ಉತ್ತರ ಪತ್ರಿಕೆಯೇ ಇರಲಿಲ್ಲ. ಕಥೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಆಮೇಲಿನದು. ಬರೆದರೆ ಓದುವವರು ಯಾರು ಎಂಬುದೇ ಮೊದಲಿನ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಅಗ್ರಗಣ್ಯರು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ, 1999ರವರೆಗೆ, ನೂರು ವರ್ಷ ಮೀರಿ ಬಾಳಿದ ಹಿರಿಯರು. ಕಮಲನಗರ ಈಗ ಬೇರೆ ತಾಲ್ಲೂಕಾಗಿದೆ. ಮೊದಲು ಔರಾದ ತಾಲ್ಲೂಕಿಗೆ ಸೇರಿತ್ತು. ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬ ಸಂಗತಿಯನ್ನು ಆ ಸೀಮೆಯಲ್ಲಿ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಫಲಕವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಹೊರಗಿನಿಂದ ನೋಡುವ ಅಧಿಕಾರಿಗೆ ಒಂದು ಭಾಷೆ, ಒಳಗೆ ಕುಳಿತ ಮಗುವಿಗೆ ಇನ್ನೊಂದು. ಗಡಿನಾಡಿನ ವಿದ್ಯಾರ್ಥಿ ಇಂದು ಪರೀಕ್ಷೆಯಲ್ಲಿ ಬರೆಯುವಾಗಲೂ ಎಷ್ಟೋ ಸಲ ಹೀಗೆಯೇ ಮಾಡುತ್ತಾನೆ. ಪರೀಕ್ಷಕರಿಗಾಗಿ ಹೊರಗೆ ಒಂದು ಫಲಕ ತೂಗಹಾಕುತ್ತಾನೆ. ತನ್ನ ಕಥೆಯನ್ನು ಒಳಗೇ ಇಟ್ಟುಕೊಳ್ಳುತ್ತಾನೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಒಡೆದು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡ ಆಂಧ್ರಕ್ಕೆ ಸೇರಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಕೆಲವೇ ವರ್ಷಗಳಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಬೀದರದಲ್ಲಿ ನೆರೆಯಿತು. 2006ರಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ ಮತ್ತೊಮ್ಮೆ ನೆರೆಯಿತು. ಮಗುವಿಗೆ ಈಗ ಕನ್ನಡದ ಉತ್ತರ ಪತ್ರಿಕೆ ದೊರೆತಿದೆ. ನಕಾಶೆಯ ಮೇಲೆ ಎಳೆದ ಗೆರೆ ಮಾತ್ರ ನಾಲಿಗೆಯ ಮೇಲೆ ಬೀಳಲಿಲ್ಲ. ಔರಾದದ ಒಂದು ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವುದುಂಟು. ಕನ್ನಡವೇ ಮನೆಮಾತಾದ ಮಗುವೂ ಶಾಲೆಗೆ ‘ಸಾಲಿ’ ಎನ್ನುತ್ತದೆ, ಅಜ್ಜನಿಗೆ ‘ಮುತ್ತ್ಯಾ’ ಎನ್ನುತ್ತದೆ, ಬೇಗ ಎನ್ನಲು ‘ಜಲ್ದಿ’ ಎನ್ನುತ್ತದೆ, ನಿಜಕ್ಕೆ ‘ಖರೇ’ ಎನ್ನುತ್ತದೆ.

ಈ ಮಕ್ಕಳು ಕಥೆ ಬರೆಯುವುದು ಎಲ್ಲಿ? ಎಸ್.ಎಸ್.ಎಲ್.ಸಿ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧ ಉಂಟು, ಪತ್ರಲೇಖನ ಉಂಟು, ಗಾದೆಯ ವಿಸ್ತರಣೆ ಉಂಟು. ಆ ಗಾದೆಯ ವಿಸ್ತರಣೆಯಲ್ಲಿಯೇ ಎಷ್ಟೋ ಮಕ್ಕಳು ಒಂದು ಪುಟ್ಟ ಕಥೆಯನ್ನು ಹೆಣೆದುಬಿಡುತ್ತಾರೆ. ‘ಪ್ರತಿಭಾ ಕಾರಂಜಿ’ಯಲ್ಲಿ ಕಥೆ ಹೇಳುವ ಸ್ಪರ್ಧೆಯಿದೆ, ಅಲ್ಲಿ ಕಂಠಕ್ಕೂ ಹಾವಭಾವಕ್ಕೂ ಬೆಲೆ ಹೆಚ್ಚು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ವಿದ್ಯಾರ್ಥಿಗಳಿಗಾಗಿ ಬೇರೆ ವಿಭಾಗವೇ ಇದ್ದುದುಂಟು. ಇವಲ್ಲದೆ ಶಾಲೆಯ ಕೈಬರಹದ ಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ರಾಜ್ಯೋತ್ಸವದ ಸ್ಪರ್ಧೆಗಳುಂಟು. ಇವೆಲ್ಲಕ್ಕೂ ತೀರ್ಪುಗಾರರು ಬೇಕು. ಆ ತೀರ್ಪುಗಾರರು ಎಷ್ಟರಮಟ್ಟಿಗೆ ನೆಚ್ಚತಕ್ಕವರು ಎಂಬುದನ್ನು ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ.

1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಅನೇಕ ಶಾಲೆಗಳಿಗೆ ಕಳುಹಿಸಿದರು. 142 ಉಪಾಧ್ಯಾಯರು ಅಂಕ ಕೊಟ್ಟರು. ಒಬ್ಬರು 64 ಕೊಟ್ಟ ಪತ್ರಿಕೆಗೆ ಇನ್ನೊಬ್ಬರು 98 ಕೊಟ್ಟಿದ್ದರು! 1961ರಲ್ಲಿ ಅದೇ ದೇಶದ ಪಾಲ್ ಡೀಡರಿಕ್ ಮತ್ತು ಅವರ ಸಂಗಡಿಗರು ಇನ್ನೂ ದೊಡ್ಡ ಪ್ರಯೋಗ ನಡೆಸಿದರು. ಕಾಲೇಜಿಗೆ ಹೊಸದಾಗಿ ಸೇರಿದವರ 300 ಪ್ರಬಂಧಗಳು. ಓದಿದವರು 53 ಮಂದಿ. ಅವರಲ್ಲಿ ಉಪಾಧ್ಯಾಯರು, ಲೇಖಕರು, ವಕೀಲರು, ವ್ಯಾಪಾರಿಗಳು ಎಲ್ಲರೂ ಇದ್ದರು. ಪ್ರಬಂಧಗಳನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿರಿ ಎಂದು ಹೇಳಿದ್ದರು. ನೂರಕ್ಕೆ 94 ಪ್ರಬಂಧಗಳಿಗೆ ಏಳು, ಎಂಟು ಅಥವಾ ಒಂಬತ್ತು ಬಗೆಯ ದರ್ಜೆಗಳೂ ಬಿದ್ದುವು. ಐದಕ್ಕಿಂತ ಕಡಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ.

ಹಾಗಾದರೆ ಎಲ್ಲವೂ ಅದೃಷ್ಟದ ಆಟವೇ? ಹಾಗೆನ್ನಲಾಗದು. ಡೀಡರಿಕ್ ಅಲ್ಲಿಗೇ ನಿಲ್ಲದೆ, ಓದುಗರು ಏಕೆ ಬೇರೆಯಾದರೆಂದು ಹುಡುಕಿದರು. ಐದು ಗುಂಪುಗಳು ಕಂಡುವು. ಒಂದು ಗುಂಪು ವಿಚಾರವನ್ನು ನೋಡುತ್ತಿತ್ತು, ಒಂದು ಕಾಗುಣಿತ, ವ್ಯಾಕರಣಗಳ ತಪ್ಪನ್ನು, ಒಂದು ಕಟ್ಟನ್ನು, ಒಂದು ಪದಗಳ ಆಯ್ಕೆಯನ್ನು, ಇನ್ನೊಂದು ಬರೆದವನ ಸ್ವಂತ ರುಚಿಯನ್ನು. ಅಂದರೆ ಎಲ್ಲರೂ ಒಂದೇ ತಕ್ಕಡಿ ಹಿಡಿದಿದ್ದೇವೆಂದು ತಿಳಿದು, ಒಬ್ಬೊಬ್ಬರು ಒಂದೊಂದು ವಸ್ತುವನ್ನು ತೂಗುತ್ತಿದ್ದರು. ಏನನ್ನು ತೂಗುತ್ತಿದ್ದೇವೆಂದು ಮೊದಲೇ ಹೇಳಿಕೊಂಡರೆ ಅರ್ಧ ಜಗಳ ತೀರುತ್ತದೆ.

ಉದಾಹರಣೆಗಾಗಿ ಎರಡು ಕಥೆಗಳನ್ನು ನಾವೇ ಕಲ್ಪಿಸಿಕೊಳ್ಳೋಣ. ಮೊದಲನೆಯದರಲ್ಲಿ ರಾಮು ಎಂಬ ಬಡ ಹುಡುಗ. ಕಷ್ಟಪಟ್ಟು ಓದುತ್ತಾನೆ, ಬೀದಿಯ ದೀಪದ ಕೆಳಗೆ ಓದುತ್ತಾನೆ, ದೊಡ್ಡ ಅಧಿಕಾರಿಯಾಗುತ್ತಾನೆ, ತಾಯಿಯ ಕಣ್ಣಲ್ಲಿ ಆನಂದಬಾಷ್ಪ. ಕೊನೆಯಲ್ಲಿ ನೀತಿ. ಒಂದು ಅಕ್ಷರವೂ ತಪ್ಪಿಲ್ಲ. ಭಾಷೆ ಪಠ್ಯಪುಸ್ತಕದಂತೆ ಇಸ್ತ್ರಿ ಮಾಡಿದ್ದು.

ಎರಡನೆಯದು ಎಳ್ಳಮಾಸಿಯ ದಿನದ ಕಥೆ. ಬೀದರ ಸೀಮೆಯವರಿಗೆ ಎಳ್ಳಮಾಸಿಯೆಂದರೆ ಏನೆಂದು ಹೇಳಬೇಕಾಗಿಲ್ಲ, ಉಳಿದವರು ಕೇಳಿರಿ. ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಕೂತು ಉಣ್ಣುವ ಹಬ್ಬ. ಕಥೆಯ ಹುಡುಗಿ ತಾಯಿಯೊಡನೆ ಬುತ್ತಿ ಹೊತ್ತು ನಡೆಯುತ್ತಾಳೆ. ಹೊಲ ಬಂದರೂ ತಾಯಿ ಒಳಗೆ ಕಾಲಿಡುವುದಿಲ್ಲ. ಆ ವರ್ಷ ಹೊಲ ಮಾರಿಹೋಗಿದೆ. ತಾಯಿ ಬದುವಿನ ಆಚೆಯೇ ನಿಂತು ಚರಗ ಚೆಲ್ಲುತ್ತಾಳೆ. “ಯವ್ವಾ, ಇದು ಈಗ ನಮ್ದಲ್ಲಲ್ಲ?” ಎಂದು ಹುಡುಗಿ ಕೇಳುತ್ತಾಳೆ. “ಹೊಲಕ್ಕೇನ್ ಗೊತ್ತು ಮಾರೀವಂತ?” ಎನ್ನುತ್ತಾಳೆ ತಾಯಿ. ಕಥೆ ಅಲ್ಲಿಗೆ ಮುಗಿಯುತ್ತದೆ. ಅದರಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಹತ್ತು ಕಡೆ ತಪ್ಪಿವೆ. ಅಕಾರ ಹಕಾರಗಳು ಎರಡು ಕಡೆ ಅದಲು ಬದಲಾಗಿವೆ. ‘ಸಾಲಿ’, ‘ಜಲ್ದಿ’ಗಳು ಧಾರಾಳವಾಗಿವೆ.

ತಪ್ಪು ಎಣಿಸುವ ಪರೀಕ್ಷಕರು ಮೊದಲನೆಯದಕ್ಕೆ ಎಂಟು, ಎರಡನೆಯದಕ್ಕೆ ನಾಲ್ಕು ಕೊಡುತ್ತಾರೆ. ನೀವು ಏನು ಕೊಡುತ್ತೀರಿ? ಮೊದಲನೆಯ ಕಥೆಯನ್ನು ಬರೆಯಲು ಆ ಹುಡುಗ ತಾನಾಗಿ ಏನನ್ನೂ ಕಾಣಬೇಕಾಗಿರಲಿಲ್ಲ. ಬೇರೆ ಕಥೆಗಳಲ್ಲಿ ಇದ್ದುದನ್ನು ಜೋಡಿಸಿದ್ದಾನೆ. ರಾಮು ಬೀದರದವನೋ ಬೆಂಗಳೂರಿನವನೋ ತಿಳಿಯದು. ಎರಡನೆಯದರಲ್ಲಿ ಒಂದು ಘಟನೆ ನಡೆಯುತ್ತದೆ. ಆ ಘಟನೆಯಿಂದ ಒಂದು ಬಾಳು ಬದಲಾದದ್ದು ತಿಳಿಯುತ್ತದೆ. ಬರೆದವಳು ದುಃಖವೆಂಬ ಪದವನ್ನು ಬಳಸದೆಯೇ ಓದುವವರಿಗೆ ದುಃಖವನ್ನು ಮುಟ್ಟಿಸುತ್ತಾಳೆ. ಬದುವಿನ ಆಚೆ ನಿಂತ ಆ ತಾಯಿಯನ್ನು ನೀವು ಬೇಗ ಮರೆಯಲಾರಿರಿ. ಸಣ್ಣ ಕಥೆಯಿಂದ ನಾವು ಬಯಸುವುದು ಇದನ್ನೇ ಅಲ್ಲವೇ? ನೀತಿಯಿದ್ದ ಮಾತ್ರಕ್ಕೆ ಮೊದಲನೆಯದು ಕೆಡಲಿಲ್ಲವೆಂಬುದನ್ನೂ ಹೇಳಬೇಕು. ದುರ್ಗಸಿಂಹನ ಕಥೆಗಳಲ್ಲಿ ನೀತಿ ಬೇಕಾದಷ್ಟಿದೆ. ಆದರೆ ಅಲ್ಲಿ ನೀತಿ ಬರುವ ಮೊದಲು ಏನೋ ಒಂದು ನಡೆದಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಆಡುಮಾತಿಗೆ ಹೀಗೆ ಬಾಗಿಲು ತೆರೆದರೆ ಮಕ್ಕಳು ಶುದ್ಧವಾಗಿ ಬರೆಯುವುದನ್ನು ಕಲಿಯುವುದೆಂತು? ಮುಂದೆ ಅರ್ಜಿ ಬರೆಯಬೇಕು, ದೊಡ್ಡ ಪರೀಕ್ಷೆಗಳನ್ನು ಎದುರಿಸಬೇಕು. ಗಡಿಯ ಮಗುವಿಗೆ ಗ್ರಂಥಸ್ಥ ಕನ್ನಡ ಉಳಿದವರಿಗಿಂತ ಹೆಚ್ಚಾಗಿಯೇ ಬೇಕು. ಈ ಮಾತಿನಲ್ಲಿ ತಿರುಳಿದೆ. ಅದಕ್ಕಾಗಿಯೇ ಎರಡು ವಿಷಯಗಳನ್ನು ಬೇರೆ ಮಾಡಬೇಕು. ‘ಧಾನ್ಯ’ವನ್ನು ‘ದಾನ್ಯ’ ಎಂದು ಬರೆದರೆ ಅದು ತಪ್ಪು. ತಿದ್ದಬೇಕು, ಅದಕ್ಕೆ ಬೇರೆಯಾಗಿ ಅಂಕ ಇಡಬೇಕು. ಅಜ್ಜನನ್ನು ‘ಮುತ್ತ್ಯಾ’ ಎಂದರೆ ಅದು ತಪ್ಪಲ್ಲ. ಅದು ಆ ನೆಲದ ಹೆಸರು. ಇವೆರಡನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದಾಗ ಮಗುವಿಗೆ ತಿಳಿಯುವುದು ಇಷ್ಟೇ: ನಮ್ಮ ಮನೆಯ ಮಾತು ಕಥೆಗೆ ತಕ್ಕುದಲ್ಲ. ಹಾಗೆ ತಿಳಿದ ಮಗು ಮುಂದಿನ ಸಲ ರಾಮುವಿನ ಕಥೆಯನ್ನೇ ಬರೆಯುತ್ತದೆ. ಎಳ್ಳಮಾಸಿಯ ಕಥೆ ಬರಹಕ್ಕೆ ಬಾರದೆಯೇ ಹೋಗುತ್ತದೆ. ಕಲಬುರಗಿ ಸೀಮೆಯ ಗೀತಾ ನಾಗಭೂಷಣರು ತಮ್ಮ ನೆಲದ ಮಾತನ್ನೇ ನೆಚ್ಚಿ ಬರೆದ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಹಿರಿಯರು ಬರೆದಾಗ ಮನ್ನಣೆ ಪಡೆಯುವ ಮಾತು ಮಕ್ಕಳು ಬರೆದಾಗ ಅಪರಾಧವಾಗಬಾರದು. ಆಡುಮಾತು ಇದ್ದರೆ ಸಾಕು, ಕಥೆ ಒಳ್ಳೆಯದಾಯಿತೆಂದೂ ಇಲ್ಲ. ತೋರಿಕೆಗಾಗಿ ಉದುರಿಸಿದ ಹಳ್ಳಿಯ ಮಾತು, ತೋರಿಕೆಗಾಗಿ ಉದುರಿಸಿದ ಸಂಸ್ಕೃತದಷ್ಟೇ ಟೊಳ್ಳು.

ಹಾಗಾದರೆ ಮಾಡಬೇಕಾದದ್ದೇನು? ಶಾಲೆಯ ಸ್ಪರ್ಧೆಗೆ ಇಪ್ಪತ್ತು ಕಥೆಗಳು ಬಂದಿವೆಯೆನ್ನೋಣ. ಹೆಸರು ಮರೆಮಾಡಿ, ಕನಿಷ್ಠ ಮೂವರು ಬೇರೆಬೇರೆಯಾಗಿ ಓದಬೇಕು. ಅವರಲ್ಲಿ ಒಬ್ಬರಾದರೂ ಅದೇ ಸೀಮೆಯ ಮಾತನ್ನು ಬಲ್ಲವರಾಗಿರಬೇಕು. ಮೊದಲ ಓದಿನಲ್ಲಿ ಕೈಯಲ್ಲಿ ಲೇಖನಿ ಹಿಡಿಯಬಾರದು. ಅಂಕದ ಬದಲು ಎರಡೆರಡು ಕಥೆಗಳನ್ನು ಪಕ್ಕದಲ್ಲಿಟ್ಟು, ಇವೆರಡರಲ್ಲಿ ಯಾವುದು ಮೇಲು ಎಂದು ಮಾತ್ರ ಕೇಳಿಕೊಂಡರೆ ಕೆಲಸ ಹಗುರವಾಗುತ್ತದೆ. ಹೀಗೆ ಜೋಡಿ ಜೋಡಿಯಾಗಿ ತೂಗುವುದಕ್ಕೆ 1927ರಲ್ಲಿಯೇ ಥರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞರು ಗಣಿತದ ಆಧಾರ ಒದಗಿಸಿದ್ದಾರೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತನೂ ಹೀಗೆಯೇ ಮಾಡುತ್ತಾನೆ. ಈ ಎತ್ತಿಗೆ ನೂರಕ್ಕೆ ಎಷ್ಟು ಎಂದು ಅವನು ಎಣಿಸುವುದಿಲ್ಲ, ಅದಕ್ಕಿಂತ ಇದು ವಾಸಿ ಎನ್ನುತ್ತಾನೆ. ಕೊನೆಗೆ ಬಹುಮಾನ ಬಾರದ ಕಥೆಗೂ ಒಂದು ಸಾಲು ಬರೆದು ಹಿಂದಿರುಗಿಸಬೇಕು. ‘ಉತ್ತಮ’, ‘ಸಾಧಾರಣ’ ಎಂಬ ಮುದ್ರೆಗಳಿಂದ ಮಗುವಿಗೆ ಏನೂ ತಿಳಿಯದು. ‘ತಾಯಿ ಹೊಲದೊಳಗೆ ಕಾಲಿಡದ ಜಾಗ ನನಗೆ ಕಣ್ಣಿಗೆ ಕಟ್ಟಿತು’ ಎಂದು ಬರೆದರೆ, ತಾನು ಮಾಡಿದ್ದರಲ್ಲಿ ಯಾವುದು ಫಲಿಸಿತೆಂದು ಅದಕ್ಕೆ ಗೊತ್ತಾಗುತ್ತದೆ.

ಈ ಕೆಲಸ ಶಾಲೆಯವರದು ಮಾತ್ರವಲ್ಲ. ಮನೆಯಲ್ಲಿ ಮಗು ಕಥೆ ಬರೆದು ತೋರಿಸಿದಾಗ ಮೊದಲು ಕಾಗುಣಿತ ನೋಡಬೇಡಿರಿ. ಗಟ್ಟಿಯಾಗಿ ಓದಿಸಿ ಕೇಳಿರಿ. ಆಮೇಲೆ ಏನಾಯಿತು ಎಂದು ಕೇಳಿರಿ. ಆ ಪ್ರಶ್ನೆ ನಿಮ್ಮ ಬಾಯಿಂದ ತಾನಾಗಿ ಬಂದರೆ ಕಥೆ ಗೆದ್ದಿತೆಂದೇ ಲೆಕ್ಕ. ಅಕ್ಷರ ತಿದ್ದುವುದು ನಾಳೆಗೂ ಇದೆ.

ಬೀದರದ ಕುಶಲಕರ್ಮಿಗಳು ಬಿದರಿ ಪಾತ್ರೆ ಮಾಡುವ ಕ್ರಮ ನಿಮಗೆ ಗೊತ್ತಿರಬಹುದು. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಆಗ ಪಾತ್ರೆಯೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಕುಸುರಿ ಕಣ್ಣಿಗೆ ಬೀಳುವುದಿಲ್ಲ. ಬೀದರ ಕೋಟೆಯ ಮಣ್ಣನ್ನು ಬೆರೆಸಿ ಉಜ್ಜಿದ ಮೇಲೆಯೇ ಪಾತ್ರೆ ಕಪ್ಪಾಗಿ ಬೆಳ್ಳಿಯ ಹೂಬಳ್ಳಿ ಎದ್ದು ಕಾಣುತ್ತದೆ. ಅಲ್ಲಿನ ಮಕ್ಕಳ ಕಥೆಯನ್ನು ಕೈಗೆತ್ತಿಕೊಂಡವರು ಆ ಮಣ್ಣನ್ನು ತೊಳೆದು ಹಾಕದಿದ್ದರೆ ಸಾಕು. ಬೆಳ್ಳಿ ಇದ್ದಲ್ಲಿ ತಾನಾಗಿ ಕಂಡೀತು.